ಪಾಠದ ಹೊತ್ತಲ್ಲಿ ಚಿತ್ರ ಯಾಕೆ? ಮೇಷ್ಟ್ರಿಗೆ ಕೊಡೋ ಕಲಾ ತರಬೇತಿಯಲ್ಲಿ ಏನಿರುತ್ತೆ, ನಮ್ಮ ಮಕ್ಕಳಿಗೆ ಏನು ಸಿಗುತ್ತೆ?

ಸಾಗರ: ಶಾಲೆ ಶುರುವಾಗಿ ಎರಡು ತಿಂಗಳಾಯ್ತು ಅಂದ್ರೆ ಪೇಟೆಯ ಸ್ಟೇಷನರಿ ಅಂಗಡಿಗಳಲ್ಲಿ ಸಂಜೆ ಹೊತ್ತಿನ ವ್ಯಾಪಾರವೇ ಬೇರೆ. "ಸೌರವ್ಯೂಹದ ಚಾರ್ಟ್ ಇದ್ಯಾ?", "ಜಲಚಕ್ರದ್ದು ರೆಡಿಮೇಡ್ ಕೊಡಿ, ಬೆಳಿಗ್ಗೆ ಟೀಚರ್‌ಗೆ ತೋರಿಸಬೇಕು" ಅಂತ ಅಪ್ಪ ಅಮ್ಮಂದಿರು ಬರ್ತಾರೆ. ಅಂಗಡಿಯವರು ಕೊಡ್ತಾರೆ, ಅಮ್ಮ ಕತ್ತರಿಸ್ತಾರೆ, ಅಪ್ಪ ಅಂಟಿಸ್ತಾರೆ, ಮಗು ಹೆಸರು ಬರೀತದೆ. ಪ್ರಾಜೆಕ್ಟ್ ಮುಗೀತು.

ಇನ್ನೊಂದು ಕಡೆ ಇದೇ ಪಾಲಕರು ಕೇಳೋ ಪ್ರಶ್ನೆ: "ವಿಜ್ಞಾನದ ಪೀರಿಯಡ್‌ನಲ್ಲಿ ಚಿತ್ರ ಬಿಡಿಸ್ತಾರಂತೆ, ಲೆಕ್ಕದ ಪೀರಿಯಡ್‌ನಲ್ಲಿ ರಂಗೋಲಿ ಹಾಕಿಸ್ತಾರಂತೆ. ಹಂಗಾದ್ರೆ ಪಾಠ ಮಾಡೋದು ಯಾವಾಗ?"

ಕೇಳೋದ್ರಲ್ಲಿ ತಪ್ಪಿಲ್ಲ. ಪಾಠದೊಳಗೆ ಚಿತ್ರ ತರೋದು ಹೇಗೆ ಅಂತ ಶಿಕ್ಷಕರಿಗೆ ಕೆಲವು ವರ್ಷಗಳಿಂದ ತರಬೇತಿ ಕೊಡ್ತಾ ಇದ್ದಾರೆ. ಇಲಾಖೆಯ ಭಾಷೆಯಲ್ಲಿ ಇದಕ್ಕೆ 'ಕಲಾ ಸಂಯೋಜಿತ ಕಲಿಕೆ' ಅಂತ ಹೆಸರು. ಹೆಸರು ದೊಡ್ಡದು, ವಿಷಯ ಸರಳ. ಅದು ಏನು, ಎಲ್ಲಿಂದ ಬಂತು, ಯಾವಾಗ ಕೆಲಸ ಮಾಡುತ್ತೆ, ಯಾವಾಗ ಬರೀ ಚಾರ್ಟ್ ವ್ಯಾಪಾರವಾಗಿ ನಿಲ್ಲುತ್ತೆ ಅನ್ನೋದನ್ನ ಇಲ್ಲಿ ಬಿಡಿಸಿ ಹೇಳ್ತೀವಿ.

ಡ್ರಾಯಿಂಗ್ ಕ್ಲಾಸೇ ಬೇರೆ, ಇದೇ ಬೇರೆ

ಡ್ರಾಯಿಂಗ್ ಕ್ಲಾಸ್ ಅಂದ್ರೆ ಎಲ್ಲರಿಗೂ ಗೊತ್ತು. ಚಿತ್ರಕಲಾ ಶಿಕ್ಷಕರು ಬರ್ತಾರೆ, ಹೂದಾನಿ ಬಿಡಿಸೋದು, ಶೇಡ್ ಕೊಡೋದು, ಬಣ್ಣ ಬೆರೆಸೋದು ಹೇಳಿಕೊಡ್ತಾರೆ. ಆಸಕ್ತಿ ಇದ್ದವರು ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ತಾರೆ. ಅಲ್ಲಿ ಚಿತ್ರ ಚೆನ್ನಾಗಿ ಬರೋದೇ ಗುರಿ. ಚಿತ್ರಕಲಾ ಶಿಕ್ಷಕರ ಹುದ್ದೆ ಇರೋದು ಹೆಚ್ಚಾಗಿ ಹೈಸ್ಕೂಲುಗಳಲ್ಲಿ. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇರೋ ಒಬ್ಬರು ಇಬ್ಬರು ಶಿಕ್ಷಕರೇ ಕನ್ನಡ, ಲೆಕ್ಕ, ಪರಿಸರ ಎಲ್ಲಾ ನೋಡಿಕೊಳ್ಳಬೇಕು.

ಕಲಾ ಸಂಯೋಜಿತ ಕಲಿಕೆಯಲ್ಲಿ ಚಿತ್ರ ಚೆನ್ನಾಗಿದೆಯೋ ಇಲ್ಲವೋ ಮುಖ್ಯ ಅಲ್ಲ. ಮಗುವಿಗೆ ಪಾಠ ಅರ್ಥ ಆಗಿದೆಯಾ, ಆಗಿದ್ರೆ ಹೇಗೆ ಆಗಿದೆ ಅನ್ನೋದು ಮುಖ್ಯ. ಚಿತ್ರ ಅದನ್ನ ನೋಡೋಕೆ ಒಂದು ಕಿಟಕಿ ಅಷ್ಟೆ.

ಉದಾಹರಣೆಗೆ ಬೀಜ ಮೊಳೆಯೋ ಪಾಠ ತಗೊಳ್ಳಿ. 'ಬೀಜಕ್ಕೆ ನೀರು, ಗಾಳಿ, ಸೂಕ್ತ ಉಷ್ಣತೆ ಸಿಕ್ಕಾಗ ಮೊಳಕೆಯೊಡೆಯುತ್ತದೆ' ಅನ್ನೋ ವಾಕ್ಯವನ್ನ ಮಗು ಬಾಯಿಪಾಠ ಮಾಡಿ ಬರೆದ್ರೆ ಪೂರ್ತಿ ಮಾರ್ಕ್ಸ್. ಆದ್ರೆ "ನೆನೆಹಾಕಿದ ಹೆಸರುಕಾಳು ಮೊದಲನೇ ದಿನ, ಎರಡನೇ ದಿನ, ನಾಲ್ಕನೇ ದಿನ ಹೇಗಿತ್ತು, ನೋಡಿಕೊಂಡು ಬರಿ" ಅಂದ್ರೆ ಮಗು ಕಾಳನ್ನ ಹತ್ತಿರದಿಂದ ನೋಡಲೇಬೇಕು. ಮೊದಲು ಹೊರಗೆ ಬರೋದು ಎಲೆಯಾ, ಬೇರಾ? ಸಿಪ್ಪೆ ಎಲ್ಲಿ ಹೋಯ್ತು? ಬರೆಯೋಕೆ ಕೂತಾಗಲೇ ಈ ಪ್ರಶ್ನೆಗಳು ಏಳೋದು. ಹಾಗಾಗಿ ಪಾಠ ಮುಗಿದ ಮೇಲೆ ಚಿತ್ರ ಬರೆಸೋದಲ್ಲ, ಚಿತ್ರ ಬರೆಯೋದೇ ಪಾಠದ ಒಂದು ಭಾಗ.

ಇದು ಮೊನ್ನೆ ಹುಟ್ಟಿದ್ದಲ್ಲ

ಇದೆಲ್ಲ ಹೊಸ ಶಿಕ್ಷಣ ನೀತಿಯ ಸರ್ಕಸ್ಸು ಅನ್ನೋರಿದ್ದಾರೆ. ನಿಜ ಅಂದ್ರೆ ವಿಚಾರ ಹಳೇದು. ಶಾಂತಿನಿಕೇತನದಲ್ಲಿ ಕಲಿತ ಕಲಾವಿದ ದೇವಿಪ್ರಸಾದ್ 1944ರಲ್ಲಿ ಗಾಂಧೀಜಿಯವರ ಸೇವಾಗ್ರಾಮಕ್ಕೆ ಹೋಗಿ ಅಲ್ಲಿನ 'ನಯೀ ತಾಲೀಮ್' ಶಾಲೆಯಲ್ಲಿ ಕಲಾ ಶಿಕ್ಷಕರಾದರು. ಮಕ್ಕಳನ್ನೆಲ್ಲ ಕಲಾವಿದರನ್ನಾಗಿ ಮಾಡೋದಲ್ಲ, ಶಿಕ್ಷಣದ ಬುಡದಲ್ಲೇ ಕಲೆ ಇರಬೇಕು ಅನ್ನೋದು ಅವರ ವಾದ. ಅದರ ಮೇಲೆ ಪುಸ್ತಕವನ್ನೂ ಬರೆದರು.

ಶಿಕ್ಷಕರಿಗೆ ಕಲೆ, ಕರಕುಶಲ, ಗೊಂಬೆಯಾಟದ ತರಬೇತಿ ಕೊಡೋಕೆ ಅಂತಾನೇ ಕೇಂದ್ರ ಸರ್ಕಾರ 1979ರಲ್ಲಿ ದೆಹಲಿಯಲ್ಲಿ 'ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ' ಶುರು ಮಾಡಿತು. ಅದರ ಪ್ರಾದೇಶಿಕ ಕೇಂದ್ರ ಹೈದರಾಬಾದಿನಲ್ಲೂ ಇದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೆ ಕಲೆ ಕಡ್ಡಾಯವಾಗಿ ಇರಬೇಕು ಅಂತ ಹೇಳಿತ್ತು. 2019ರ ಆಗಸ್ಟ್‌ನಲ್ಲಿ ಶುರುವಾದ 'ನಿಷ್ಠಾ' ತರಬೇತಿ ನಮ್ಮ ಬಹುತೇಕ ಮೇಷ್ಟ್ರುಗಳಿಗೆ ಗೊತ್ತು. ದೇಶದ ಸುಮಾರು 42 ಲಕ್ಷ ಶಿಕ್ಷಕರನ್ನ ತಲುಪೋ ಗುರಿ ಇದ್ದ ಆ ತರಬೇತಿಯಲ್ಲಿ ಕಲಾ ಸಂಯೋಜಿತ ಕಲಿಕೆಯದ್ದೇ ಒಂದು ಅಧ್ಯಾಯ ಇತ್ತು. ಕೊರೊನಾ ಬಂದ ಮೇಲೆ ಅದು ದೀಕ್ಷಾ ಆ್ಯಪ್‌ಗೆ ಹೋಯ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇದರ ಪ್ರಸ್ತಾಪ ಇದೆ.

ಕರ್ನಾಟಕದ ಸರ್ಕಾರಿ ಶಾಲೆಗಳಿಗಂತೂ ಇದು ಹೊಸತೇ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ 'ನಲಿ-ಕಲಿ' ನೆನಪು ಮಾಡಿಕೊಳ್ಳಿ. ಮೆಟ್ಟಿಲು ಮೆಟ್ಟಿಲಿಗೂ ಚಿತ್ರದ ಗುರುತು, ಚಿತ್ರದ ಕಾರ್ಡು, ಮಕ್ಕಳ ಕೈಗೆ ಸಿಗೋ ಹಂಗೆ ಗೋಡೆಯ ಕೆಳಗಡೆ ಕರಿಹಲಗೆ, ಮಕ್ಕಳು ಮಾಡಿದ್ದನ್ನ ತೂಗುಹಾಕೋಕೆ ತಲೆ ಮೇಲೆ ದಾರದ 'ಚಪ್ಪರ'. ಒಂದರಿಂದ ಮೂರನೇ ತರಗತಿ ಮಕ್ಕಳು ಈಗಲೂ ಹೀಗೇ ಕಲೀತಾರೆ.

ಸಮಸ್ಯೆ ಶುರುವಾಗೋದು ಆಮೇಲೆ. ನಾಲ್ಕನೇ ತರಗತಿಗೆ ಬಂದ ಕೂಡ್ಲೇ ಹೆಚ್ಚಿನ ಕಡೆ ಚಪ್ಪರ ಇಲ್ಲ, ಕಾರ್ಡಿಲ್ಲ. ಬೋರ್ಡ್ ಮೇಲಿನ ಪ್ರಶ್ನೋತ್ತರ ನೋಟ್ಸಿಗೆ ಇಳಿಸೋದಷ್ಟೇ ಕೆಲಸ. ನಿನ್ನೆವರೆಗೂ ಚಿತ್ರದ ಜೊತೆ ಕಲೀತಿದ್ದ ಮಗು ಇವತ್ತಿನಿಂದ ಅಕ್ಷರದಲ್ಲಿ ಮಾತ್ರ ಉತ್ತರ ಕೊಡಬೇಕು. ಬರವಣಿಗೆ ನಿಧಾನ ಇರೋ ಮಗು ಇಲ್ಲೇ ಹಿಂದೆ ಬೀಳೋದು. ನಾಲ್ಕರಿಂದ ಎಂಟನೇ ತರಗತಿಯ ಶಿಕ್ಷಕರಿಗೆ ಈ ತರಬೇತಿ ಹೆಚ್ಚು ಬೇಕಾಗಿರೋದು ಅದಕ್ಕೇ.

ತರಬೇತಿಯಲ್ಲಿ ಏನು ನಡೆಯುತ್ತೆ?

ಒಳ್ಳೇ ತರಬೇತಿ ಅಂದ್ರೆ ಪ್ರೊಜೆಕ್ಟರ್ ಹಾಕಿ 'ಕಲೆಯ ಮಹತ್ವ' ಓದಿ ಹೇಳೋದಲ್ಲ. ಮೆಟ್ಟುಗತ್ತಿ ಮುಂದೆ ಕೂರದೆ ಅಡಿಕೆ ಸುಲಿಯೋದು ಕಲಿಯೋಕಾಗುತ್ತಾ? ಇದೂ ಹಾಗೇ. ಮೊದಲು ಮೇಷ್ಟ್ರು, ಟೀಚರ್‌ಗಳೇ ಕೈಗೆ ಬಣ್ಣ ಹಚ್ಚಿಕೊಳ್ಳಬೇಕು.

ಅಲ್ಲಿ ಎದುರಾಗೋ ಮೊದಲ ಅಡ್ಡಿ ಭಯ. "ನಂಗೆ ಡ್ರಾಯಿಂಗ್ ಬರಲ್ಲ ಸರ್" ಅನ್ನೋ ಮಾತು. ಚಿಕ್ಕಂದಿನಲ್ಲಿ ಯಾರೋ ಚಿತ್ರ ನೋಡಿ ನಕ್ಕಿರ್ತಾರೆ, ಅಲ್ಲಿಗೆ ಪೆನ್ಸಿಲ್ ಕೆಳಗಿಟ್ಟವರು ಇವತ್ತಿನವರೆಗೂ ಎತ್ತಿಲ್ಲ. ಹಾಗಾಗಿ ತರಬೇತಿ ಶುರುವಾಗೋದೇ ಸುಲಭದ ಕೆಲಸದಿಂದ. ಕಾಗದ ನೋಡದೆ ಎದುರಿಗಿರೋ ಎಲೆಯ ಅಂಚನ್ನಷ್ಟೇ ನೋಡ್ತಾ ಗೆರೆ ಎಳೆಯೋದು. ಮನೆಯಿಂದ ಶಾಲೆಗೆ ಬರೋ ದಾರಿಯ ನಕ್ಷೆ ಬರೆಯೋದು. ಹೆಬ್ಬೆಟ್ಟಿನ ಗುರುತಿಗೆ ಕಾಲು, ರೆಕ್ಕೆ ಸೇರಿಸಿ ಹಕ್ಕಿ ಮಾಡೋದು. ಎಲ್ಲರದ್ದೂ ಸೊಟ್ಟಂಪಟ್ಟ ಬಂದಾಗ ಎಲ್ಲರೂ ನಗ್ತಾರೆ, ಭಯ ಹೋಗುತ್ತೆ. ತರಗತಿಯಲ್ಲಿ ಮಗುವಿಗೆ ಹೇಗನ್ನಿಸುತ್ತೆ ಅನ್ನೋದು ಆಗ ಮೇಷ್ಟ್ರಿಗೂ ಗೊತ್ತಾಗುತ್ತೆ.

ಎರಡನೇದು, ನೋಡೋದನ್ನ ಕಲಿಸೋದು. ಇದಕ್ಕೆ ಒಂದು ಸರಳ ವಿಧಾನ ಇದೆ. ಅಮೆರಿಕದಲ್ಲಿ ಮನಃಶಾಸ್ತ್ರಜ್ಞೆ ಅಬಿಗೈಲ್ ಹೌಸೆನ್ ಮತ್ತು ಮ್ಯೂಸಿಯಂ ಶಿಕ್ಷಣದಲ್ಲಿ ಕೆಲಸ ಮಾಡ್ತಿದ್ದ ಫಿಲಿಪ್ ಯೆನವೈನ್ ಸೇರಿ ರೂಪಿಸಿದ್ದು. ಒಂದು ಚಿತ್ರ ತೋರಿಸಿ ಒಂದೆರಡು ನಿಮಿಷ ಸುಮ್ಮನೆ ನೋಡೋಕೆ ಬಿಡಬೇಕು. ಆಮೇಲೆ ಮೂರೇ ಪ್ರಶ್ನೆ: ಇಲ್ಲಿ ಏನು ನಡೀತಿದೆ? ಏನನ್ನ ನೋಡಿ ಹಾಗೆ ಹೇಳ್ತೀಯಾ? ಇನ್ನೂ ಏನೇನು ಕಾಣುತ್ತೆ?

ನಮ್ಮ ಕಡೆಗೆ ಇದನ್ನ ಹೊಂದಿಸಿ ನೋಡೋಣ. ಕೆಳದಿ ನಾಯಕರ ಪಾಠ ಇದೆ ಅಂದುಕೊಳ್ಳಿ. ಕೆಳದಿಯ ರಾಮೇಶ್ವರ ದೇವಸ್ಥಾನದ ಮಾಡಿನೊಳಗೆ ಕೆತ್ತಿರೋ ಗಂಡಭೇರುಂಡದ ಫೋಟೋ ತೋರಿಸಿ ಈ ಮೂರು ಪ್ರಶ್ನೆ ಕೇಳಿದ್ರೆ ಸಾಕು. ಒಂದು ಮಗು ಎರಡು ತಲೆ ಅನ್ನುತ್ತೆ, ಇನ್ನೊಂದು ಕೊಕ್ಕಲ್ಲಿ, ಉಗುರಲ್ಲಿ ಏನೋ ಹಿಡಿದಿದೆ ಅನ್ನುತ್ತೆ, ಮತ್ತೊಂದು ಇದು ಸರ್ಕಾರಿ ಬಸ್ಸಿನ ಮೇಲಿರೋ ಹಕ್ಕಿ ಅನ್ನುತ್ತೆ. ಹೌದಲ್ವಾ, ಬಸ್ಸಿಗೂ ಕೆಳದಿಗೂ ಏನು ಸಂಬಂಧ? ಇತಿಹಾಸದ ಪಾಠ ಅಲ್ಲಿಂದ ಶುರುವಾಗುತ್ತೆ, ಅದೂ ಮಕ್ಕಳ ಪ್ರಶ್ನೆಯಿಂದಲೇ. ಎರಡನೇ ಪ್ರಶ್ನೆಯನ್ನಂತೂ ಬಿಡಲೇಬಾರದು. 'ಏನನ್ನ ನೋಡಿ ಹಾಗೆ ಹೇಳ್ತೀಯಾ' ಅಂದಾಗ ಮಗು ತನ್ನ ಮಾತಿಗೆ ಆಧಾರ ಹುಡುಕಬೇಕು. ವಿಜ್ಞಾನಕ್ಕೂ, ಲೆಕ್ಕಕ್ಕೂ ಬೇಕಾಗಿರೋದು ಇದೇ ಅಭ್ಯಾಸ.

ಮೂರನೇದು, ಮಗುವಿನ ಚಿತ್ರವನ್ನ ಓದೋದು. "ಚೆನ್ನಾಗಿದೆ", "ಚೆನ್ನಾಗಿಲ್ಲ" ಎರಡೂ ಹೇಳಬಾರದು ಅಂತ ತರಬೇತಿಯಲ್ಲಿ ಹೇಳಿಕೊಡ್ತಾರೆ. "ಇದರ ಬಗ್ಗೆ ಹೇಳು" ಅನ್ನಬೇಕು. ಮಗು ಮಾತಾಡಿದ್ರೆ ತಲೆಯಲ್ಲಿರೋದು ಹೊರಗೆ ಬರುತ್ತೆ.

ಶರಾವತಿ ಮೇಲಕ್ಕೆ ಹರೀತಾಳಾ?

ಚಿತ್ರದಿಂದ ಮೇಷ್ಟ್ರಿಗೆ ಏನು ಲಾಭ ಅನ್ನೋದಕ್ಕೆ ನಮ್ಮ ನದಿಯದ್ದೇ ಉದಾಹರಣೆ ಸಾಕು.

ಶರಾವತಿ ಎಲ್ಲಿ ಹುಟ್ಟುತ್ತೆ ಅಂದ್ರೆ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥ ಅಂತ ಮಕ್ಕಳು ಥಟ್ ಅಂತ ಹೇಳ್ತಾರೆ. ಲಿಂಗನಮಕ್ಕಿ, ಜೋಗ, ಗೇರುಸೊಪ್ಪೆ, ಹೊನ್ನಾವರದಲ್ಲಿ ಸಮುದ್ರ. ಬಾಯಿಪಾಠ ಪಕ್ಕಾ. ಈಗ "ಶರಾವತಿ ಹರಿಯೋ ದಾರಿಯನ್ನ ನಿಮಗೆ ತಿಳಿದ ಹಾಗೆ ಬರೀರಿ" ಅನ್ನಿ. ಮಕ್ಕಳು ಸಾಮಾನ್ಯವಾಗಿ ಕಾಗದದ ಮೇಲ್ಭಾಗದಲ್ಲಿ ಗುಡ್ಡ ಬರೀತಾರೆ, ನದಿಯನ್ನ ಕೆಳಕ್ಕೆ ಇಳಿಸ್ತಾರೆ, ತಳದಲ್ಲಿ ಸಮುದ್ರ. ನೀರು ಕೆಳಗೆ ತಾನೇ ಹರಿಯೋದು!

ಆದ್ರೆ ಗೋಡೆ ಮೇಲಿನ ನಕ್ಷೆಯಲ್ಲಿ ಹೊನ್ನಾವರ ಇರೋದು ಅಂಬುತೀರ್ಥಕ್ಕಿಂತ ಮೇಲೆ, ಎಡಗಡೆಗೆ. ಅಂದ್ರೆ ವಾಯವ್ಯಕ್ಕೆ. ನಕ್ಷೆ ಪ್ರಕಾರ ಶರಾವತಿ 'ಮೇಲಕ್ಕೆ' ಹೋಗುತ್ತೆ. ಹಂಗಾದ್ರೆ ನೀರು ಗುಡ್ಡ ಹತ್ತುತ್ತಾ?

ಬಹಳಷ್ಟು ಮಕ್ಕಳ ತಲೆಯಲ್ಲಿ ಎರಡು ವಿಷಯ ಗಂಟುಬಿದ್ದಿರುತ್ತೆ. ನಕ್ಷೆಯ ಮೇಲ್ಭಾಗ ಅಂದ್ರೆ ಉತ್ತರ, ಎತ್ತರ ಅಲ್ಲ. ಎಷ್ಟು ಸಲ ಓದಿ ಹೇಳಿದ್ರೂ ಈ ಗಂಟು ಬಿಚ್ಚಲ್ಲ, ಯಾಕಂದ್ರೆ ಗಂಟು ಇದೆ ಅಂತಾನೇ ಮೇಷ್ಟ್ರಿಗೆ ಗೊತ್ತಿರಲ್ಲ. ಪ್ರಶ್ನೋತ್ತರದಲ್ಲಿ ಮಗು 'ಅಂಬುತೀರ್ಥ' ಅಂತ ಸರಿಯಾಗೇ ಬರೆದಿರುತ್ತೆ. ಚಿತ್ರ ಬರೆಸಿದಾಗ ಮಾತ್ರ ಸಿಕ್ಕಿಬೀಳುತ್ತೆ.

ಸಿಕ್ಕಿಬಿದ್ದ ಮೇಲೆ ಪರಿಹಾರ ಸುಲಭ. ಗೋಡೆ ಮೇಲಿನ ನಕ್ಷೆಯನ್ನ ಇಳಿಸಿ ನೆಲದ ಮೇಲೆ ಹಾಸೋದು, ನಕ್ಷೆಯ ಉತ್ತರವನ್ನ ನಿಜವಾದ ಉತ್ತರ ದಿಕ್ಕಿಗೆ ತಿರುಗಿಸೋದು. ಶಾಲೆಯ ಅಂಗಳದ ಮಣ್ಣಲ್ಲಿ ಘಟ್ಟದ ಏರು, ಜೋಗದ ಹತ್ತಿರ ಕಡಿದು ಬೀಳೋ ಜಾಗ ಮಾಡಿ ಒಂದು ಚೊಂಬು ನೀರು ಬಿಟ್ಟು ನೋಡೋದು. ಜೋಗದಲ್ಲಿ ನೀರು 253 ಮೀಟರ್ ಕೆಳಕ್ಕೆ ಬೀಳುತ್ತೆ ಅನ್ನೋ ಅಂಕಿ ಆಗ ಬರೀ ಅಂಕಿಯಾಗಿ ಉಳಿಯಲ್ಲ. ಅಣೆಕಟ್ಟು ಯಾಕೆ ಜೋಗದ ಮೇಲ್ಗಡೆ ಕಟ್ಟಿದರು, ಕರೆಂಟ್ ಮಾಡೋ ಯಂತ್ರ ಯಾಕೆ ಕೆಳಗಡೆ ಇಟ್ಟರು ಅನ್ನೋ ಪ್ರಶ್ನೆಗೂ ಉತ್ತರ ಅದೇ ಮಣ್ಣಲ್ಲಿ ಕಾಣುತ್ತೆ.

ಖರ್ಚು ಎಷ್ಟಾಯ್ತು? ಒಂದು ಚೊಂಬು ನೀರು.

ಹಸೆ ಚಿತ್ತಾರದಲ್ಲಿ ಲೆಕ್ಕದ ಪಾಠ

ಈ ತರಬೇತಿಯಲ್ಲಿ ಒತ್ತಿ ಹೇಳೋ ಇನ್ನೊಂದು ಮಾತು, ಊರಿನ ಕಲೆಯನ್ನ ಶಾಲೆಗೆ ತನ್ನಿ ಅಂತ. ಈ ವಿಷಯದಲ್ಲಿ ಸಾಗರ, ಸೊರಬ, ಸಿದ್ದಾಪುರದ ಕಡೆಯವರು ಪುಣ್ಯವಂತರು. ದೀವರ ಹೆಣ್ಣುಮಕ್ಕಳು ಮದುವೆ ಮನೆ ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರ ನಮ್ಮಲ್ಲೇ ಇದೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯೋ ಭೂಮಣ್ಣಿ ಬುಟ್ಟಿ ಮೇಲೂ ಅದೇ ಚಿತ್ತಾರ.

ಬಣ್ಣ ಅಂಗಡಿಯಿಂದ ಬರಲ್ಲ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕಪ್ಪಾಗೋ ತನಕ ಹುರಿದ ಅಕ್ಕಿ, ಹಳದಿಗೆ ಗುರಿಗೆ ಬೀಜ. ಕುಂಚ ಅಂದ್ರೆ ಪುಂಡಿ ನಾರು. ಬಣ್ಣ ಎಲ್ಲಿಂದ ಬರುತ್ತೆ, ಅಕ್ಕಿ ಹುರಿದ್ರೆ ಯಾಕೆ ಕಪ್ಪಾಗುತ್ತೆ, ಕಪ್ಪಾದ ಅಕ್ಕಿ ಮತ್ತೆ ಬೆಳ್ಳಗಾಗುತ್ತಾ ಅಂತ ಕೇಳಿದ್ರೆ ಸಾಕು, ಅದು ವಿಜ್ಞಾನದ ಪಾಠ.

ಲೆಕ್ಕಕ್ಕಂತೂ ಇದು ತೆರೆದಿಟ್ಟ ಪುಸ್ತಕ. ಚಿತ್ತಾರದಲ್ಲಿ ಸಮಾನಾಂತರ ಗೆರೆಗಳಿವೆ, ತ್ರಿಕೋನ, ಚೌಕ ಇವೆ. ಎಡಕ್ಕೆ ಇದ್ದದ್ದು ಬಲಕ್ಕೂ ಹಾಗೇ ಬರಬೇಕು, ಅದೇ ಸಮಮಿತಿ. ಒಂದೇ ವಿನ್ಯಾಸ ಸಾಲಾಗಿ ಮತ್ತೆ ಮತ್ತೆ ಬರುತ್ತೆ. "ಒಂದು ಸಾಲಿಗೆ ಇಷ್ಟು ತ್ರಿಕೋನ ಆದ್ರೆ ಇಡೀ ಅಂಚಿಗೆ ಎಷ್ಟು ಬೇಕು" ಅಂದ್ರೆ ಗುಣಾಕಾರ ಬಂತು. ಸ್ಕೇಲ್ ಇಲ್ಲದೆ, ರಬ್ಬರ್ ಇಲ್ಲದೆ, ನಾರಿನ ಕುಂಚದಲ್ಲಿ ಗೋಡೆ ಮೇಲೆ ನೇರ ಗೆರೆ ಎಳೆಯೋ ಅಜ್ಜಿ ಒಂದು ಲೆಕ್ಕದಲ್ಲಿ ರೇಖಾಗಣಿತದ ಟೀಚರೇ. ಅಂಥವರನ್ನ ಶಾಲೆಗೆ ಕರೆದು ಮಕ್ಕಳ ಮುಂದೆ ಒಂದು ಗಂಟೆ ಕೂರಿಸಿದ್ರೆ ಅವರ ಮೊಮ್ಮಗಳಿಗೆ ತರಗತಿಯಲ್ಲಿ ಸಿಗೋ ಮರ್ಯಾದೆಯೇ ಬೇರೆ.

ಇಲ್ಲೊಂದು ಸ್ವಾರಸ್ಯ ಇದೆ. ಸಿಬಿಎಸ್‌ಇ ಶಾಲೆಗಳಲ್ಲಿ ಮಕ್ಕಳು ವರ್ಷಕ್ಕೊಂದಾದ್ರೂ ಕಲಾ ಸಂಯೋಜಿತ ಪ್ರಾಜೆಕ್ಟ್ ಮಾಡಬೇಕು ಅನ್ನೋ ನಿಯಮ ಬಂತು. 'ಏಕ್ ಭಾರತ್ ಶ್ರೇಷ್ಠ ಭಾರತ್' ಯೋಜನೆಯಲ್ಲಿ ಒಂದೊಂದು ರಾಜ್ಯಕ್ಕೆ ಇನ್ನೊಂದು ರಾಜ್ಯವನ್ನ ಜೋಡಿ ಮಾಡಿದ್ದಾರೆ, ಕರ್ನಾಟಕಕ್ಕೆ ಜೋಡಿ ಉತ್ತರಾಖಂಡ. ಪೇಟೆಯ ಇಂಗ್ಲಿಷ್ ಮೀಡಿಯಂ ಮಕ್ಕಳು ಉತ್ತರಾಖಂಡದ ಕಲೆ ಬಗ್ಗೆ ಚಾರ್ಟ್ ಹುಡುಕಿಕೊಂಡು ಅಂಗಡಿಗೆ ಬರೋದಕ್ಕೆ ಕಾರಣ ಇದೇ. ಅಲ್ಲಿನ ಕುಮಾವ್ ಪ್ರದೇಶದಲ್ಲಿ 'ಐಪಣ್' ಅಂತ ಒಂದು ಕಲೆ ಇದೆ. ಕೆಮ್ಮಣ್ಣು ಬಳಿದ ನೆಲದ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಬರೆಯೋದು ಹೆಣ್ಣುಮಕ್ಕಳು. ಓದಿದ್ರೆ ನಮ್ಮ ಚಿತ್ತಾರದ ಅಕ್ಕನೋ ತಂಗಿಯೋ ಅನ್ನಬೇಕು! ಇಂಟರ್ನೆಟ್ಟಿನಿಂದ ಪ್ರಿಂಟ್ ತೆಗೆದು ಅಂಟಿಸೋದರ ಬದಲು ಮಗು ಎರಡನ್ನೂ ಅಕ್ಕಪಕ್ಕ ಇಟ್ಟು ಬರೆದ್ರೆ, ಹಿಮಾಲಯದ ಬುಡಕ್ಕೂ ಮಲೆನಾಡಿಗೂ ಒಂದೇ ಯೋಚನೆ ಹೇಗೆ ಬಂತು ಅಂತ ಕೇಳಿದ್ರೆ, ಅದು ನಿಜವಾದ ಪ್ರಾಜೆಕ್ಟ್.

ಮಾರ್ಕ್ಸ್ ಬರುತ್ತಾ?

ಕೊನೆಗೆ ಪಾಲಕರು ಕೇಳೋದು ಇದನ್ನೇ. ಇದರ ಬಗ್ಗೆ ಅಧ್ಯಯನಗಳು ನಡೆದಿವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಒಂದು ಸರಣಿ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಪದಗಳನ್ನ ಕೊಟ್ಟು ಕೆಲವನ್ನ ಚಿತ್ರವಾಗಿ ಬರೆಯೋಕೆ, ಕೆಲವನ್ನ ಅಕ್ಷರದಲ್ಲಿ ಮತ್ತೆ ಮತ್ತೆ ಬರೆಯೋಕೆ ಹೇಳಿದರು. ಚಿತ್ರ ಬರೆದ ಪದಗಳೇ ಹೆಚ್ಚು ನೆನಪಿದ್ದವು. ಪದಕ್ಕೆ 4 ಸೆಕೆಂಡ್ ಅಷ್ಟೇ ಕೊಟ್ಟಾಗಲೂ ಹಾಗೇ ಆಯ್ತು. ಅಷ್ಟು ಹೊತ್ತಲ್ಲಿ ಯಾರ ಚಿತ್ರ ತಾನೇ ಚೆನ್ನಾಗಿ ಬರುತ್ತೆ? ಹಾಗಾಗಿ ಚಂದ ಬರಬೇಕು ಅಂತೇನಿಲ್ಲ.

ಚಾರ್ಟ್ ಕೊಳ್ಳೋರು ಗಮನಿಸಬೇಕಾದ ವಿಷಯ ಅದೇ ಅಧ್ಯಯನದಲ್ಲಿದೆ. ಬೇರೆಯವರು ಬರೆದ ರೆಡಿ ಚಿತ್ರವನ್ನ ಬರೀ ನೋಡಿದವರಿಗಿಂತ ತಾವೇ ಬರೆದವರಿಗೆ ಹೆಚ್ಚು ನೆನಪಿತ್ತು. ಲಾಭ ಇರೋದು ಚಿತ್ರದಲ್ಲಲ್ಲ, ಬರೆಯೋದ್ರಲ್ಲಿ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ 5ನೇ ತರಗತಿ ಮಕ್ಕಳಿಗೆ ವಿಜ್ಞಾನವನ್ನ ಕಲೆ ಸೇರಿಸಿ ಒಂದು ರೀತಿ, ಸೇರಿಸದೆ ಇನ್ನೊಂದು ರೀತಿ ಕಲಿಸಿ ನೋಡಿದ್ದಾರೆ. ಓದಿನಲ್ಲಿ ಹಿಂದಿದ್ದ ಮಕ್ಕಳು ಕಲೆ ಸೇರಿಸಿ ಕಲಿತ ಪಾಠವನ್ನ ಕೆಲವು ವಾರಗಳ ನಂತರವೂ ಹೆಚ್ಚು ನೆನಪಿಟ್ಟುಕೊಂಡಿದ್ದರು. 'ದಡ್ಡ' ಅಂತ ಹಿಂದಿನ ಬೆಂಚಿಗೆ ಕಳಿಸೋದು ಇಂಥ ಮಕ್ಕಳನ್ನೇ ಅಲ್ವಾ? ಗೊತ್ತಿದ್ದದ್ದನ್ನ ಬರೆದು ತೋರಿಸೋಕೆ ಅಕ್ಷರ ಸಾಲದೇ ಹೋದ ಮಕ್ಕಳು ಅವರಲ್ಲಿ ಎಷ್ಟು ಜನ ಇರಬಹುದು?

ಚಿತ್ರ ಬರೆದ್ರೆ ಎಲ್ಲಾ ಸರಿ ಹೋಗುತ್ತೆ ಅಂತಲ್ಲ. ಅಕ್ಷರ, ಮಗ್ಗಿ ಬಿಟ್ಟು ಬರೀ ಚಿತ್ರ ಬರೆಸಿದ್ರೆ ಮಗುವಿಗೆ ನಷ್ಟವೇ. ಚಿತ್ರ ಬರೆದ ಮೇಲೆ ಅದರ ಬಗ್ಗೆ ಮಾತಾಡಬೇಕು, ಮಾತಾಡಿದ್ದನ್ನ ಬರೀಬೇಕು. ಆಗಲೇ ಪಾಠ ಪೂರ್ತಿ ಆಗೋದು.

ಎಲ್ಲಿ ಎಡವುತ್ತೆ?

ಒಂದು, ತರಬೇತಿ ಒಂದೆರಡು ದಿನಕ್ಕೆ ಮುಗಿಯುತ್ತೆ. ಊಟ, ಟೀ, ಗ್ರೂಪ್ ಫೋಟೋ, ಪ್ರಮಾಣಪತ್ರ. ವಾಪಸ್ ಶಾಲೆಗೆ ಬಂದ್ರೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಸಮೀಕ್ಷೆ, ಚುನಾವಣೆ ಕೆಲಸ. ಹೊಸದಾಗಿ ಕಲಿತದ್ದನ್ನ ಪ್ರಯತ್ನ ಮಾಡಿ, ಸೋತು, ಮತ್ತೆ ಮಾಡೋಕೆ ಪುರುಸೊತ್ತಾದ್ರೂ ಎಲ್ಲಿ? ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರ ಸಮಾಲೋಚನಾ ಸಭೆ ನಡೆಯುತ್ತೆ. ಅದರಲ್ಲಿ ಅರ್ಧ ಗಂಟೆ, ಒಬ್ಬೊಬ್ಬರು ತಮ್ಮ ಮಕ್ಕಳ ನಾಲ್ಕು ಚಿತ್ರ ತಂದು "ನಂಗೆ ಇದರಲ್ಲಿ ಇದು ಗೊತ್ತಾಯ್ತು" ಅಂತ ಹೇಳಿಕೊಂಡ್ರೆ ಹೊಸ ಆದೇಶ, ಹೊಸ ಅನುದಾನ ಯಾವುದೂ ಬೇಕಿಲ್ಲ.

ಎರಡು, ಎಲ್ಲರದ್ದೂ ಒಂದೇ ಚಿತ್ರ. ಬೋರ್ಡ್ ಮೇಲೆ ಮೇಷ್ಟ್ರು ಬರೆದದ್ದನ್ನ ನಲವತ್ತು ಮಕ್ಕಳು ಹಾಗೇ ಇಳಿಸಿದ್ರೆ ಅದು ಚಿತ್ರದ ರೂಪದ ಬಾಯಿಪಾಠ. ಮಗು ಏನು ಯೋಚಿಸ್ತು ಅಂತ ಅದರಲ್ಲಿ ಕಾಣಲ್ಲ.

ಮೂರು, ಪ್ರದರ್ಶನದ ಹುಚ್ಚು. ಅಧಿಕಾರಿ ಬರ್ತಾರೆ ಅಂದ್ರೆ ಚಂದ ಬರೆಯೋ ಮೂವರ ಚಿತ್ರ ಗೋಡೆಗೆ, ಉಳಿದವರದ್ದು ಬೀರುವಿಗೆ. ಪ್ರತಿಭಾ ಕಾರಂಜಿಗೆ ಚಂದದ ಚಿತ್ರ ಕಳಿಸಲಿ, ಅದು ಸ್ಪರ್ಧೆ. ತರಗತಿಯಲ್ಲಿ ಸ್ಪರ್ಧೆ ಇಲ್ಲ.

ನಾಲ್ಕನೇದು ಪಾಲಕರ ಜೇಬಿಗೆ ಸಂಬಂಧಪಟ್ಟದ್ದು. ಚಾರ್ಟ್, ಥರ್ಮಾಕೋಲ್, ಹೊಳೆಯೋ ಕಾಗದ, ಗ್ಲಿಟರ್ ಪೆನ್, ಕಲರ್ ಪ್ರಿಂಟ್ ಎಲ್ಲಾ ಸೇರಿದ್ರೆ ಕೂಲಿಗೆ ಹೋಗೋ ಮನೆಗೆ ಅದು ಸಣ್ಣ ಮೊತ್ತ ಅಲ್ಲ. ತರಲಿಲ್ಲ ಅಂತ ಮಗು ಶಾಲೆಗೇ ಹೋಗದೆ ಕೂತ್ರೆ ಕಲೆಯ ಹೆಸರಲ್ಲಿ ಪಾಠವೇ ತಪ್ಪಿತು. ಕೆಮ್ಮಣ್ಣು, ಇದ್ದಿಲು, ಎಲೆ, ಹಳೇ ಪೇಪರ್ ಅಂತ ತರಬೇತಿಯಲ್ಲಿ ಹೇಳಿಕೊಡೋದು ಇದಕ್ಕಾಗೇ.

ಇದನ್ನ ಚೆನ್ನಾಗಿ ಮಾಡೋ ಸರ್ಕಾರಿ ಶಾಲೆ ಶಿಕ್ಷಕರೂ ರಾಜ್ಯದಲ್ಲಿದ್ದಾರೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ 'ಕಲಿ-ಕಲಿಸು' ಹೆಸರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಟ್ಟು, ಊರಿನ ಕಲೆಯನ್ನ ಪಾಠಕ್ಕೆ ಸೇರಿಸೋ ಅವರದ್ದೇ ಯೋಜನೆಗಳಿಗೆ ಅನುದಾನವನ್ನೂ ಕೊಟ್ಟಿದೆ. ಮೇಲಿಂದ ಬಂದ ಸುತ್ತೋಲೆ ಪಾಲಿಸೋದಕ್ಕೂ, ನನ್ನ ಊರಿಗೆ ಏನು ಹೊಂದುತ್ತೆ ಅಂತ ಮೇಷ್ಟ್ರೇ ಯೋಚಿಸೋದಕ್ಕೂ ವ್ಯತ್ಯಾಸ ಇದೆ.

ಅಂಗಡಿಯವರು ಏನು ಮಾಡಬಹುದು?

ವ್ಯಾಪಾರ ಬಿಡಿ ಅಂತ ಯಾರೂ ಹೇಳಲ್ಲ. ರೆಡಿ ಚಾರ್ಟ್ ಪಕ್ಕದಲ್ಲೇ ಬಿಳಿ ಹಾಳೆ, ಬಿಡಿ ಕ್ರೆಯಾನ್ಸ್, ಒಂದೊಂದೇ ಸ್ಕೆಚ್ ಪೆನ್ ಸಿಗೋ ಹಂಗೆ ಇಡಿ. ಪೂರ್ತಿ ಪ್ಯಾಕೆಟ್ ಕೊಳ್ಳೋಕಾಗದವರೂ ಬರ್ತಾರೆ. ಬಟ್ಟೆ ಅಂಗಡಿಯ ರಟ್ಟು, ಮೆಡಿಕಲ್‌ನ ಖಾಲಿ ಬಾಕ್ಸು, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಕಾಗದದ ಪಟ್ಟಿ, ಜೆರಾಕ್ಸ್ ಅಂಗಡಿಯ ಒಂದು ಕಡೆ ಖಾಲಿ ಇರೋ ಹಾಳೆ, ಹೋದ ವರ್ಷದ ಕ್ಯಾಲೆಂಡರ್: ಇವೆಲ್ಲ ರದ್ದಿಗೆ ಹೋಗೋ ಬದಲು ತಿಂಗಳಿಗೊಮ್ಮೆ ಹತ್ತಿರದ ಶಾಲೆಗೆ ಹೋದ್ರೆ ಒಂದು ವರ್ಷದ ಕಲಾ ಸಾಮಗ್ರಿ ಆಯ್ತು.

ಅಂಗಡಿಯೇ ಪಾಠದ ಜಾಗ ಆಗಬಹುದು ಅನ್ನೋದನ್ನೂ ಮರೀಬೇಡಿ. ಕಿರಾಣಿ ಅಂಗಡಿಯ ಚಿತ್ರ ಬರೆದು, ಯಾವ ಸಾಮಾನು ಎಲ್ಲಿಂದ ಬರುತ್ತೆ ಅಂತ ಗೆರೆ ಎಳೆಯೋದು ಸಮಾಜ ವಿಜ್ಞಾನದ ಒಳ್ಳೇ ಚಟುವಟಿಕೆ. ಮೇಷ್ಟ್ರು ನಾಲ್ಕು ಮಕ್ಕಳನ್ನ ಕರ್ಕೊಂಡು ಬಂದು "ಹತ್ತು ನಿಮಿಷ ನಿಂತು ನೋಡಲಾ" ಅಂದ್ರೆ ಬೇಡ ಅನ್ನಬೇಡಿ.

ಮನೆಯಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ

ಮಗು ಮನೆಗೆ ಚಿತ್ರ ತಂದಾಗ "ಇದೇನು, ಆನೆನಾ ಎಮ್ಮೆನಾ" ಅಂತ ನಗಬೇಡಿ, "ಇದರಲ್ಲಿ ಏನಾಗ್ತಿದೆ ಹೇಳು" ಅನ್ನಿ. ಪ್ರಾಜೆಕ್ಟ್ ಕೊಟ್ಟಾಗ ನೀವೇ ಮಾಡಿಕೊಡಬೇಡಿ. ಸೊಟ್ಟ ಬಂದ್ರೂ ಮಗುವೇ ಬರೀಲಿ. ರೆಡಿ ಚಾರ್ಟೇ ಬೇಕು ಅಂತ ಶಾಲೆ ಹೇಳಿದ್ರೆ, "ಮಗು ಕೈಯಲ್ಲಿ ಬರೆದದ್ದು ಆಗಲ್ವಾ?" ಅಂತ ಮರ್ಯಾದೆಯಿಂದ ಕೇಳಿ.

ಎಸ್‌ಡಿಎಂಸಿ ಸದಸ್ಯರಾಗಿದ್ರೆ ಸಭೆಯಲ್ಲಿ ಶೌಚಾಲಯ, ಕಾಂಪೌಂಡ್, ಬಿಸಿಯೂಟದ ಜೊತೆ ಇದನ್ನೂ ಸೇರಿಸಿ: ನಮ್ಮ ಶಾಲೆಯ ಯಾವ ಶಿಕ್ಷಕರಿಗೆ ಕಲಾ ಸಂಯೋಜಿತ ಕಲಿಕೆಯ ತರಬೇತಿ ಆಗಿದೆ? ಈ ತಿಂಗಳು ಯಾವ ಪಾಠಕ್ಕೆ ಅದನ್ನ ಬಳಸಿದ್ದಾರೆ? ಮಕ್ಕಳು ಬರೆದ ಚಿತ್ರಗಳನ್ನ ಒಮ್ಮೆ ತೋರಿಸ್ತೀರಾ? ತಪ್ಪು ಹುಡುಕೋಕೆ ಅಲ್ಲ, ನೋಡೋಕೆ. ತಾವು ಮಾಡಿಸಿದ್ದನ್ನ ಊರಿನವರು ಕೂತು ನೋಡ್ತಾರೆ ಅಂದ್ರೆ ಯಾವ ಮೇಷ್ಟ್ರಿಗೂ, ಯಾವ ಅಕ್ಕೋರಿಗೂ ಹುರುಪು ಬರುತ್ತೆ.

ನೋಡುವಾಗ ಗೋಡೆ ಮೇಲಿರೋ ಚಂದದ ಮೂರು ಚಿತ್ರ ಸಾಲದು. ಬೀರುವಿನಲ್ಲಿರೋ ಉಳಿದ ಮೂವತ್ತೇಳನ್ನೂ ತೆಗೆಸಿ ನೋಡಿ. ನಮ್ಮ ಮಕ್ಕಳಿಗೆ ಏನು ಅರ್ಥ ಆಗಿದೆ, ಏನು ಆಗಿಲ್ಲ ಅನ್ನೋ ನಿಜವಾದ ರಿಪೋರ್ಟ್ ಕಾರ್ಡ್ ಅಲ್ಲೇ ಇರೋದು.